ಜಯಕ್ಕನ ಎಡೆಗೊಂದು ಲೋಟ

ಯಲಹಂಕದ ಮಾರ್ಕೆಟ್ಟಿನಲ್ಲಿ ಮೊನ್ನೆ ತಳ್ಳುಗಾಡಿಯವನೊಬ್ಬ ದ್ರಾಕ್ಷಿಯ ಕ್ರೇಟನ್ನು ನೆಲಕ್ಕೆ ಕೆಡವಿಕೊಂಡ. ಕಪ್ಪು ದ್ರಾಕ್ಷಿ, ತೀರಾ ಕಳಿತದ್ದು. ಅವನು ಬಗ್ಗಿ ಆಯ್ದುಕೊಳ್ಳುವಷ್ಟರಲ್ಲಿ ಜನ ತುಳಿದುಕೊಂಡೇ ಓಡಾಡಿ ರಸ್ತೆಯೆಲ್ಲ ಕೆಸರಾಯಿತು. ಪಿತೃಪಕ್ಷದ ಸಾಮಾನು ತರಲು ಹೋಗಿದ್ದ ನಾನು, ಒಂದು ಕೈಯಲ್ಲಿ ಬಾಳೆಲೆ, ಇನ್ನೊಂದರಲ್ಲಿ ಬೂದುಗುಂಬಳ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಒಬ್ಬ ಹುಡುಗ, "ಆಂಟೀ, ಜಾಗ ಬಿಡ್ರೀ, ರೋಡ್ ಏನ್ ನಿಮ್ದಾ?" ಎಂದು ಕೂಗಿದ. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಅವತ್ತು ಮಾತ್ರ ಸುಮ್ಮನೆ ಪಕ್ಕಕ್ಕೆ ಸರಿದೆ. ಹುಳಿ ಬಂದ ದ್ರಾಕ್ಷಿಯ ವಾಸನೆ ಎಲ್ಲಿ ಬಂದರೂ ನನಗೆ ಜಯಕ್ಕನ ಕೊನೆಯ ಚಳಿಗಾಲ ಕಣ್ಣಮುಂದೆ ಬರುತ್ತದೆ.

ಜಯಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದವಳು. ಅಬ್ಬಿಗೆರೆಯ ಈ ಮನೆಗೆ ಸೊಸೆಯಾಗಿ ಬಂದಾಗ ಮುದ್ದೆ ಉಣ್ಣಲೂ ಬರುತ್ತಿರಲಿಲ್ಲ. ಮೊದಲ ದಿನ ನಾನು ಮುದ್ದೆಯನ್ನು ಅಗಿಯುತ್ತಾ ಒದ್ದಾಡುತ್ತಿದ್ದಾಗ ಪಕ್ಕದಲ್ಲಿ ಬಡಿಸುತ್ತಿದ್ದವಳು ಬಗ್ಗಿ ಕಿವಿಯಲ್ಲಿ ಹೇಳಿದಳು: "ಅಗೀಬೇಡ ಕಣೇ ಸುಧಾ, ನುಂಗ್ಬಿಡು. ಈ ಮನೇಲಿ ಎಲ್ಲಾನೂ ಹಂಗೇ." ನನಗೆ ನಗು ಬಂದು ಕೆಮ್ಮು ಹತ್ತಿತು. ಅವತ್ತಿನಿಂದ ಈ ಮನೆಯಲ್ಲಿ ನನ್ನವರು ಅಂತ ಯಾರಾದರೂ ಇದ್ದರೆ ಅವಳೊಬ್ಬಳೇ.

ಆಗ ಮನೆಯ ಹಿಂದೆ ಪಡುವಣಕ್ಕೆ ನಮ್ಮದೇ ಹೊಲವಿತ್ತು. ಸಂಜೆಯಾದರೆ ಜಯಕ್ಕ ಹಿತ್ತಿಲ ಚಪ್ಪಡಿಯ ಮೇಲೆ ಕೂತು, ಸೊಪ್ಪು ಬಿಡಿಸುತ್ತಾ, ಸೂರ್ಯ ಮುಳುಗುವುದನ್ನು ನೋಡುತ್ತಿದ್ದಳು. ಬೆಳಗಿನಿಂದ ರಾತ್ರಿಯವರೆಗೆ ಅವಳು ಕೂರುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. ಆಮೇಲೆ ಹೊಲ ಸೈಟುಗಳಾಗಿ ಹೋಯಿತು. ಉಳಿಸಿಕೊಂಡ ಜಾಗದಲ್ಲಿ ಭಾವ ನಂಜುಂಡಪ್ಪ ಐದಂತಸ್ತಿನ ಬಾಡಿಗೆ ಕಟ್ಟಡ ಎಬ್ಬಿಸಿದರು. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟರು, ಜಯಲಕ್ಷ್ಮಿ ನಿಲಯ. ಎಂಥ ಪುಣ್ಯವಂತೆ ಎಂದು ನೆಂಟರೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಆ ಕಟ್ಟಡ ಎದ್ದ ಮೇಲೆ ನಮ್ಮ ಮನೆಗೆ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಕತ್ತಲಾಗತೊಡಗಿತು. ಜಯಕ್ಕ ಸೊಪ್ಪಿನ ಮೊರವನ್ನು ಎತ್ತಿಕೊಂಡು ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಬಂದು ಕೂತಳು. ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಯಾರಾದರೂ ಕೇಳಿದರೆ ತಾನೇ ಮಾತಾಡುವುದು!

ಅವಳಿಗೆ ಕ್ಯಾನ್ಸರ್ ಅಂತ ಗೊತ್ತಾದಾಗಲೇ ತಡವಾಗಿತ್ತು. ಮಳೆಗಾಲವೆಲ್ಲ ಆಸ್ಪತ್ರೆಗೆ ಓಡಾಡಿದ್ದಾಯಿತು. ಕೂದಲು ಉದುರಿತು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವವಳು. ಅವಳ ರವಿಕೆಗಳ ಪಕ್ಕ ಹಿಡಿದು ಹಿಡಿದು ಕೊನೆಗೆ ಹಿಡಿಯಲು ಬಟ್ಟೆಯೇ ಉಳಿಯಲಿಲ್ಲ. ಡಿಸೆಂಬರ್ ಶುರುವಿನಲ್ಲಿ ಡಾಕ್ಟರು ಭಾವನನ್ನೂ ನನ್ನನ್ನೂ ಒಳಗೆ ಕರೆದು, ಇನ್ನು ಔಷಧಿಯ ಹಿಂಸೆ ಬೇಡ, ಮನೆಗೆ ಕರೆದುಕೊಂಡು ಹೋಗಿ, ಅವರಿಗೆ ಏನಿಷ್ಟವೋ ಅದನ್ನು ಕೊಡಿ ಎಂದರು. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಕಾರು ನಿಂತಿದ್ದಾಗ ಭಾವ ಹಿಂದೆ ತಿರುಗದೆಯೇ ಕೇಳಿದರು.

"ಜಯಾ, ನಿಂಗೇನಿಷ್ಟ ಹೇಳೇ. ಎಲ್ಲಿಂದಾದ್ರೂ ತಂದಾಕ್ತೀನಿ."

ಜಯಕ್ಕ ಕಿಟಕಿಯ ಆಚೆ ನೋಡುತ್ತಾ, "ಏನಾದ್ರೂ ಆಗುತ್ತೆ ಬಿಡ್ರೀ," ಎಂದಳು.

ಆ ಮಾತು ನನಗೆ ಬಾಯಿಪಾಠ. ಸೀರೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಮನೆಯ ಮದುವೆಗಳ ಊಟದ ಮಾತುಕತೆಯಲ್ಲಿ ಅವಳದು ಅದೇ ಉತ್ತರ. ಭಾವ ಕೆಟ್ಟವರಲ್ಲ. ದಿನಾ ರಾತ್ರಿ ನಡುಮನೆಯಲ್ಲಿ ಸ್ನೇಹಿತರ ಜೊತೆ ಬಾಟಲಿ ಇಟ್ಟುಕೊಂಡು ಕೂತು, "ಜಯಾ, ಕಬಾಬ್ ತಾರೇ" ಎಂದು ಕೂಗುವ, ತಂದಾಗ ಅವಳ ಮುಖ ನೋಡದ ಮನುಷ್ಯ, ಅಷ್ಟೇ. ಅವತ್ತಿನಿಂದ ಅವರು ತಂದದ್ದೇನು, ಸುರಿದದ್ದೇನು! ಬಿರಿಯಾನಿ, ಮೈಸೂರು ಪಾಕು, ಮಾಗಿಯ ಸೊಗಡು ಅವರೆಕಾಯಿ. ಜಯಕ್ಕ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚುತ್ತಿದ್ದಳು. ಔಷಧಿ ಅವಳ ನಾಲಗೆಯನ್ನು ಕೆಡಿಸಿಬಿಟ್ಟಿತ್ತು. "ತುಕ್ಕು ಹಿಡಿದ ಮೊಳೆ ಚೀಪ್ದಂಗೈತೆ ಕಣೇ. ನೀರೂ ಮೊಳೆ, ಅನ್ನಾನೂ ಮೊಳೆ," ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದಳು.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಫಿಲೋಮಿನಾ ಆಂಟಿ ಅಂತ ಒಬ್ಬರು ಬಾಡಿಗೆಗೆ ಇದ್ದಾರೆ. ನರ್ಸ್ ಆಗಿ ನಿವೃತ್ತರಾದವರು, ಒಂಟಿ. ಪ್ರತಿ ಕ್ರಿಸ್‌ಮಸ್ಸಿಗೆ ಕೇಕಿನ ಜೊತೆ ಒಂದು ಬಾಟಲಿ ವೈನು ಕಳಿಸುತ್ತಾರೆ. ಕಪ್ಪು ದ್ರಾಕ್ಷಿ, ಸಕ್ಕರೆ, ಚಕ್ಕೆ, ಲವಂಗ ಹಾಕಿ ಭರಣಿಯಲ್ಲಿ ಅವರೇ ಮಾಡಿದ್ದು. ಭಾವ ಅದನ್ನು ಮೂಸಿ, "ಶರಬತ್ತು!" ಎಂದು ನಗುತ್ತಿದ್ದರು. ಹೆಂಗಸರು ಮುಟ್ಟುವಂತಿರಲಿಲ್ಲ. ಕೊನೆಗೆ ಅದು ವಾಚ್‌ಮನ್‌ಗೆ ಹೋಗುತ್ತಿತ್ತು. ಆ ವರ್ಷ ಬಾಟಲಿ ಬಂದಾಗ ನಾನು ಹೊಲಿಗೆ ಕೋಣೆಯಲ್ಲಿದ್ದೆ, ಜಯಕ್ಕ ಅಳತೆ ಕೊಡಲು ಬಂದಿದ್ದಳು. ಮುಚ್ಚಳ ತೆಗೆದು ಮೂಸಿದಳು. ಬಾಟಲಿಯ ಬಾಯಿಗೆ ಬೆರಳು ತಾಗಿಸಿ ನಾಲಗೆಗೆ ಇಟ್ಟುಕೊಂಡಳು. ಕಣ್ಣು ಅರಳಿತು.

"ಸುಧಾ, ಇದ್ರಲ್ಲಿ ಮೊಳೆ ಇಲ್ಲ ಕಣೇ!"

ನಾನು ಓಡಿಹೋಗಿ, ಅವಳಿಗೆ ಇದನ್ನು ಕೊಡಬಹುದಾ ಎಂದು ಫಿಲೋಮಿನಾ ಆಂಟಿಯನ್ನು ಕೇಳಿದೆ. ಅವರು, "ಡಾಕ್ಟರ್ ಏನಿಷ್ಟಾನೋ ಕೊಡಿ ಅಂದಿದ್ದಾರಲ್ವಾ? ಒಂದೆರಡು ಗುಟುಕು ಕೊಡು. ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನ ಕರಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸರಿ, ಕುಡಿಯುವುದು ಎಲ್ಲಿ? ಮನೆಯಲ್ಲಿ ಅತ್ತೆ ಇದ್ದಾರೆ, ಭಾವ ಇದ್ದಾರೆ. "ನಿನ್ನ ಹೆಸರಿನ ಬಿಲ್ಡಿಂಗ್ ಟೆರೇಸಿಗೆ ಹೋಗೋಣ, ಅಲ್ಲಿಂದ ಸೂರ್ಯ ಚೆನ್ನಾಗಿ ಕಾಣ್ತಾನೆ," ಎಂದೆ ಜಯಕ್ಕನಿಗೆ. ಅವಳು ಎಂದೂ ಇಲ್ಲದ ಹಟದಿಂದ ತಲೆ ಆಡಿಸಿದಳು. "ನನ್ ಸೂರ್ಯನ್ನ ಅಡ್ಡ ಹಾಕಿದ್ದೇ ಅದು. ಅದ್ರ ತಲೆ ಮೇಲೆ ನಿಂತು ನೋಡಲ್ಲ. ಬೇರೆ ಎಲ್ಲಾದ್ರೂ ಕರ್ಕೊಂಡ್ ಹೋಗು."

ಹಾಗೆ ನಾವು ಹೆಸರಘಟ್ಟದ ಕೆರೆಗೆ ಹೋಗತೊಡಗಿದೆವು. ಒಂದು ದಿನ ಬಿಟ್ಟು ಒಂದು ದಿನ, ಅವಳಿಗೆ ಸ್ವಲ್ಪ ಗೆಲುವಾಗಿದ್ದರೆ. ವೈನನ್ನು ಕಷಾಯದ ಫ್ಲಾಸ್ಕಿಗೆ ಹಾಕಿ, ಎರಡು ಸ್ಟೀಲ್ ಲೋಟ ಟವೆಲಿನಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿ ಇಡುತ್ತಿದ್ದೆ. ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ ಕೂತಿರುತ್ತಿದ್ದರು. ಮಂಡಿನೋವು, ಹೊತ್ತು ಹೋಗದು, ರಸ್ತೆ ನೋಡುವುದೇ ಕೆಲಸ.

"ಎಲ್ಲಿಗ್ರೇ ಒಂಟ್ರಿ ಇಬ್ರೂ?"

"ಆಸ್ಪತ್ರೆಗೆ ಅತ್ತೆ. ಇಂಜೆಕ್ಷನ್."

"ನಾನೂ ಬತ್ತೀನಿ ಕಣ್ರೇ. ಒಬ್ಳೇ ಕುಂತು ಕುಂತು ಸಾಕಾಗೈತೆ."

"ಸ್ಕೂಟರ್ ಮೇಲೆ ಮೂರು ಜನ ಹಿಡಿಯಲ್ಲ ಅತ್ತೆ," ಎಂದು ನಾನು ಗಾಡಿ ಸ್ಟಾರ್ಟ್ ಮಾಡುತ್ತಿದ್ದೆ. ಪ್ರತಿ ಸಲವೂ ಅವರು ಕೇಳುವುದು, ಪ್ರತಿ ಸಲವೂ ನಾನು ಅದನ್ನೇ ಹೇಳುವುದು. ಚಿಕ್ಕಬಾಣಾವರ ದಾಟುವವರೆಗೆ ಹಿಂದೆ ಕೂತ ಜಯಕ್ಕ ನಗುತ್ತಿರುತ್ತಿದ್ದಳು.

ಕೆರೆಯ ಈಚೆ ದಂಡೆಯ ಹುಲ್ಲುಗಾವಲಿನಲ್ಲಿ ಒಂದು ದಿಣ್ಣೆ. ಪಕ್ಕದಲ್ಲಿ ಒಂದು ಜಾಲಿಮರ. ಮಾಗಿಯಲ್ಲಿ ಹುಲ್ಲು ಒಣಗಿ, ಬಿಸಿಲು ಇಳಿದಾಗ ಅದೆಲ್ಲ ಕೆಂಪಗೆ ಕಾಣುತ್ತಿತ್ತು. ದೂರದಲ್ಲಿ ದನ ಹೊಡೆದುಕೊಂಡು ಹೋಗುವವರ ಕೂಗು, ಮೇಲೆ ಹದ್ದು, ನೀರಿನ ಕಡೆಯಿಂದ ಬರುವ ಥಂಡಿ ಗಾಳಿ. ಜಯಕ್ಕ ತಲೆಗೆ ಭಾವನ ಮಂಕಿಕ್ಯಾಪು ಹಾಕಿಕೊಂಡು, ಮೇಲೆ ಶಾಲು ಹೊದ್ದು ಕೂರುತ್ತಿದ್ದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಗುಟುಕು ಕುಡಿದರೆ ಅದನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಳ್ಳುತ್ತಿದ್ದಳು. ಸೂರ್ಯ ನೀರಿಗೆ ತಾಗುವವರೆಗೂ ಕೂತಿರುತ್ತಿದ್ದೆವು. ನನಗೆ ಆ ವೈನು ಅಷ್ಟೇನೂ ಸೇರಲಿಲ್ಲ, ಒಂಥರಾ ಒಗರು. ಆದರೆ ಅವಳೊಬ್ಬಳೇ ಕುಡಿಯುವಂತೆ ಆಗಬಾರದೆಂದು ನಾನೂ ಹಾಕಿಕೊಳ್ಳುತ್ತಿದ್ದೆ, ತಲೆ ತಿರುಗಬಾರದೆಂದು ಬಾಯಿ ಒದ್ದೆಯಾಗುವಷ್ಟು ಮಾತ್ರ.

ಅಲ್ಲಿ ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳ ಕಾಟ. ಒಂದು ಸಂಜೆ ಉದ್ದನೆಯ ಕೆಂಪು ಗೌನು ಹಾಕಿದ ಹುಡುಗಿ, ಕೋಟು ಹಾಕಿದ ಹುಡುಗ, ಅವರ ಹಿಂದೆ ಕ್ಯಾಮರಾದವನು. "ಆಂಟೀ, ಸನ್‌ಸೆಟ್ ಮಿಸ್ ಆಗ್ತದೆ, ನೀವಿಬ್ರೂ ಫ್ರೇಮಲ್ಲಿ ಬರ್ತಿದ್ದೀರಾ, ಸ್ವಲ್ಪ ಎದ್ದೋಗ್ತೀರಾ?" ಎಂದ. ನನಗೆ ಮೈಯೆಲ್ಲ ಉರಿಯಿತು. ನಿನ್ನ ಅಪ್ಪನ ಹುಲ್ಲುಗಾವಲೇನೋ ಅನ್ನುವಷ್ಟರಲ್ಲಿ ಜಯಕ್ಕ ನನ್ನ ಮೊಣಕೈ ಒತ್ತಿದಳು.

"ಸ್ವಲ್ಪ ತಡ್ಕೋ ಮಗಾ," ಎಂದಳು ತಣ್ಣಗೆ. "ನಾನು ಹೆಂಗೂ ಹೋಗೋಳೇ. ಈ ಲೋಟ ಒಂದು ಮುಗಿಸ್ಕೊಂಡ್ಬಿಡ್ತೀನಿ."

ಅವನಿಗೆ ಅವಳ ಮುಖ, ಟೋಪಿಯ ಕೆಳಗೆ ಹುಬ್ಬಿಲ್ಲದ ಹಣೆ ಆಗ ಕಂಡಿರಬೇಕು. "ಸಾರಿ ಅಮ್ಮ," ಎಂದು ಅವರನ್ನು ಕರೆದುಕೊಂಡು ಬೇರೆ ಕಡೆ ಹೋದ. ನಾನು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳು ಎಡೆಯ ವಿಷಯ ತೆಗೆದಳು. ನಮ್ಮ ಮನೆಗಳಲ್ಲಿ ಪಿತೃಪಕ್ಷದ ಅಮಾವಾಸ್ಯೆಯಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಯಾರಿಗೆ ಏನಿಷ್ಟವೋ ಅದನ್ನು ಅವರ ಎಲೆಗೆ ಬಡಿಸಬೇಕು. ಮಾವನಿಗೆ ಬ್ರಾಂದಿ, ಅವರ ತಾಯಿಗೆ ಎಲೆ ಅಡಿಕೆ ಕಡ್ಡಿಪುಡಿ, ಚಿಕ್ಕಮಾವನಿಗೆ ಬೀಡಿ. ಹಿರಿಯ ಸೊಸೆಯಾಗಿ ಅದನ್ನೆಲ್ಲ ನೆನಪಿಟ್ಟುಕೊಂಡು ಇಷ್ಟು ವರ್ಷ ಅಣಿಮಾಡಿದವಳು ಜಯಕ್ಕನೇ.

"ಮುಂದಿನ್ ಸಲ ನನ್ ಎಲೆ ಮುಂದೆ ನಿಂತ್ಕೊಂಡು, ಇವ್ಳಿಗೆ ಏನಿಷ್ಟ ಇತ್ತು ಅಂತ ಮುಖ ಮುಖ ನೋಡ್ಕೋತಾರೆ ಕಣೇ," ಎಂದಳು. "ಯಾರ್ಗೂ ಗೊತ್ತಿಲ್ಲ. ಯಾರ್ಗೂ ಯಾಕೆ, ನಂಗೇ ಗೊತ್ತಿರ್ಲಿಲ್ಲ. ಎಲ್ರೂ ಉಂಡು ಮಿಕ್ಕಿದ್ದು ಉಂಡು ಉಂಡು, ಇಷ್ಟ ಅನ್ನೋದೇ ಮರ್ತೋಗಿತ್ತು. ಈಗ ಗೊತ್ತಾಯ್ತು." ಲೋಟವನ್ನು ಸ್ವಲ್ಪ ಎತ್ತಿ ತೋರಿಸಿದಳು. "ಇದನ್ನ ಇಡ್ಬೇಕು. ಎಲ್ರ ಮುಂದೆ. ಕದ್ದು ಮುಚ್ಚಿ ಅಲ್ಲ. ನೀನ್ ಬಿಟ್ರೆ ಹೇಳೋರ್ ಯಾರೂ ಇಲ್ಲ."

"ಹಂಗೆಲ್ಲಾ ಮಾತಾಡ್ಬೇಡ ಅಕ್ಕಾ," ಎಂದೆ.

"ಮಾತಾಡ್ದೆ ಇದ್ರೆ ಸಾಯಲ್ವಾ? ಇಡ್ತೀಯೋ ಇಲ್ವೋ ಹೇಳು."

ಇಡ್ತೀನಿ ಎಂದೆ. ಅವಳು ಉಳಿದಿದ್ದನ್ನು ಕುಡಿದು, ಲೋಟದ ತಳವನ್ನು ಬೆರಳಿನಿಂದ ಬಳಿದು ಚೀಪಿದಳು. ವಾಪಸು ಬರುವಾಗ ಸ್ಕೂಟರಿನ ಹಿಂದೆ ಅವಳು ಕೂತಿದ್ದಾಳೋ ಇಲ್ಲವೋ ಅಂತ ಅನುಮಾನವಾಗಿ ಎರಡು ಮೂರು ಸಲ ಕೈ ಹಿಂದಕ್ಕೆ ಚಾಚಿ ಮುಟ್ಟಿ ನೋಡಿದೆ. ಮೊದಲೆಲ್ಲ ಅವಳು ಹತ್ತಿದರೆ ಗಾಡಿ ಕುಗ್ಗುತ್ತಿತ್ತು. ಈಗ ಹತ್ತಿದ್ದೂ ಗೊತ್ತಾಗುತ್ತಿರಲಿಲ್ಲ, ಇಳಿದದ್ದೂ ಗೊತ್ತಾಗುತ್ತಿರಲಿಲ್ಲ.

ಅದಾದ ಮೇಲೆ ಒಂದೇ ಒಂದು ಸಲ ಹೋದೆವು. ಅವತ್ತು ಮೋಡ. ಸೂರ್ಯ ಕಾಣಲೇ ಇಲ್ಲ. ಜಯಕ್ಕ ದಿಣ್ಣೆ ಹತ್ತಲಾರದೆ ಜಾಲಿಮರದ ಬುಡದಲ್ಲೇ ಕೂತು, ಲೋಟ ತುಟಿಗಿಟ್ಟು ಹಾಗೇ ಇಳಿಸಿದಳು. "ಇದಕ್ಕೂ ಮೊಳೆ ಬಂತು ಕಣೇ ಸುಧಾ," ಎಂದಳು. ಶಿವರಾತ್ರಿಗೆ ಮುಂಚೆ ಒಂದು ಬೆಳಗ್ಗೆ, ಭಾವ ಹಾಲು ತರಲು ಹೋಗಿದ್ದಾಗ, ನಡುಮನೆಯ ಮಂಚದ ಮೇಲೆ ಅವಳ ಉಸಿರು ನಿಂತಿತು. ನಾನು ಪಕ್ಕದಲ್ಲಿದ್ದೆ. ಏನಾದರೂ ಬೇಕಾ ಅಕ್ಕಾ ಎಂದು ಕೇಳುತ್ತಲೇ ಇದ್ದೆ.

ಆ ವರ್ಷದ ಅಮಾವಾಸ್ಯೆ ಬಂತು. ಹೊಸದಾಗಿ ಹೋದವರ ಎಡೆ ಅಂದರೆ ನಮ್ಮಲ್ಲಿ ಜೋರು. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ಜಯಕ್ಕನ ಎಲೆಯ ಹಿಂದೆ ಹೊಸ ಸೀರೆ, ಬಳೆ, ಹೂವು, ಅವಳ ಫೋಟೋ. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ ಎಲ್ಲ ಎಲೆಗಳಿಗೂ ಬಡಿಸಿದ್ದಾಯಿತು. ಆಮೇಲೆ ಭಾವ ಒಬ್ಬೊಬ್ಬರದನ್ನು ಇಡುತ್ತಾ ಬಂದರು. ಕಡ್ಡಿಪುಡಿ ಇಟ್ಟರು, ಬೀಡಿ ಇಟ್ಟರು. ಬ್ರಾಂದಿ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಹೆಂಡತಿಯ ಎಲೆಯ ಮುಂದೆ ನಿಂತರು.

"ಅಮ್ಮಾ, ಇವ್ಳಿಗೇನಿಡೋದು?"

ಅತ್ತೆ ಗೋಡೆಗೊರಗಿ ಕೂತಿದ್ದರು. "ನಾನೇನ್ ಕಂಡೆ ನಂಜುಂಡ. ನಾವೆಲ್ಲಾ ಉಂಡೆದ್ ಮ್ಯಾಲೆ ಅವ್ಳು ಉಣ್ತಿದ್ಲು," ಎಂದರು.

ನಾನು ಎರಡನೇ ಮಹಡಿಗೆ ಹೋದೆ. ಫಿಲೋಮಿನಾ ಆಂಟಿ ಒಂದು ಬಾಟಲಿಯನ್ನು ನನಗಾಗಿ ತೆಗೆದಿಟ್ಟಿದ್ದರು. ತಂದು, ಜಯಕ್ಕ ಕುಡಿಯುತ್ತಿದ್ದ ಸ್ಟೀಲ್ ಲೋಟಕ್ಕೆ ತುಂಬಿಸಿ ಎಲೆಯ ಮುಂದೆ ಕೂತೆ.

"ಏನಮ್ಮಾ ಇದು?" ಎಂದರು ಭಾವ.

"ವೈನು ಭಾವ. ಅಕ್ಕಂಗೆ ಇಷ್ಟ. ಎಡೆಗೆ ಇದನ್ನೇ ಇಡು ಅಂತ ಕೇಳಿದ್ಲು."

"ತಲೆ ಗಿಲೆ ಕೆಟ್ಟೈತಾ ಸುಧಾ? ನಮ್ಮನೆ ಹೆಂಗಸ್ರು ಯಾವತ್ತಾದ್ರೂ ಕುಡ್ದವ್ರಾ?"

"ಅಕ್ಕ ಕುಡೀತಿದ್ಲು. ಹೆಸರಘಟ್ಟದಲ್ಲಿ, ಸೂರ್ಯ ಮುಳುಗೋ ಹೊತ್ತಲ್ಲಿ. ನಾನೇ ಕರ್ಕೊಂಡ್ ಹೋಗ್ತಿದ್ದೆ. ನಾನೂ ಕುಡಿದಿದ್ದೀನಿ."

ನನ್ನ ಗಂಡ ಹಿಂದಿನಿಂದ, "ಸುಧಾ, ಸುಮ್ನಿರು," ಎಂದರು. ಸುಮ್ಮನಿರುವ ಕಾಲ ಮುಗಿದಿತ್ತು. ಭಾವನ ಮುಖ ಕೆಂಪೇರಿತು. ನೆಂಟರಿಗೆ ಗೊತ್ತಾದರೆ ಮಾನ ಹೋಗುತ್ತದೆ, ತೆಗಿ ಅದನ್ನ ಎಂದು ಕೂಗಾಡಿದರು.

"ತೆಗೀತೀನಿ ಭಾವ," ಎಂದೆ. "ಅಕ್ಕಂಗೆ ಏನಿಷ್ಟ ಅಂತ ನೀವೇ ಹೇಳ್ಬಿಡಿ. ಒಂದೇ ಒಂದು ಹೇಳಿ ಸಾಕು. ಇದನ್ನ ತಗೊಂಡ್ ಹೋಗ್ತೀನಿ."

ಭಾವ ಬಾಯಿ ತೆಗೆದರು. ಫೋಟೋ ನೋಡಿದರು, ಎಲೆ ನೋಡಿದರು. ಆ ಹೊತ್ತು ಎಷ್ಟು ಉದ್ದವಾಗಿತ್ತೆಂದರೆ ನನಗೇ ಅವರ ಮೇಲೆ ಅಯ್ಯೋ ಅನ್ನಿಸಿತು. "ಅವ್ಳು... ಏನಾದ್ರೂ ಆಗುತ್ತೆ ಅಂತಿದ್ಲು," ಎಂದರು ಕೊನೆಗೆ. ಬ್ರಾಂದಿಯ ಬಾಟಲಿಯನ್ನು ಅಪ್ಪನ ಎಲೆಗೆ ಇಡುವುದನ್ನೂ ಮರೆತು ಹಾಗೇ ನಿಂತರು.

"ಇಡೇ ಸುಧಾ," ಎಂದರು ಅತ್ತೆ. "ಕೇಳಿದ್ದು ಸಿಗ್ಲಿಲ್ಲ ಅಂದ್ರೆ ಅವ್ಳು ಎಲ್ಲೋಗ್ತಾಳೆ, ಪಾಪ. ಬಾಗ್ಲಲ್ಲೇ ನಿಂತಿರ್ತಾಳೆ."

ಲೋಟವನ್ನು ಎಲೆಯ ಬಲಕ್ಕೆ ಇಟ್ಟೆ. ಭಾವ ಬಾಟಲಿಯನ್ನು ಅಪ್ಪನ ಎಲೆಗೆ ಇಟ್ಟರು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಗೆ ಬಂದೆವು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಆ ಹೊತ್ತಿಗೆ ಹಿತ್ತಿಲಿನ ಕಟ್ಟಡದ ಆಚೆ ಸೂರ್ಯ ಇಳಿಯುತ್ತಿದ್ದಿರಬೇಕು, ನಮಗೆ ನೆರಳು ಮಾತ್ರ ಕಾಣುತ್ತಿತ್ತು. ಆಮೇಲೆ ಭಾವ ಕೆಮ್ಮಿ, ಬಾಗಿಲು ತಟ್ಟಿ ತೆಗೆದರು.

ಎಡೆಗೆ ಇಟ್ಟದ್ದನ್ನು ಚೆಲ್ಲುವಂತಿಲ್ಲ, ಮನೆಯವರೇ ಮುಗಿಸಬೇಕು. ಗಂಡಸರು ಮಾವನ ಬ್ರಾಂದಿಯನ್ನು ಹಂಚಿಕೊಂಡರು. ಜಯಕ್ಕನ ಲೋಟವನ್ನು ಯಾರೂ ಮುಟ್ಟಲಿಲ್ಲ. ನಾನು ಕೈ ಚಾಚುವಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಎದ್ದು, ಮಂಡಿ ಒತ್ತಿಕೊಳ್ಳುತ್ತಾ ಬಂದು ಎಲೆಯ ಮುಂದೆ ಕೂತರು. ಲೋಟವನ್ನು ಹಣೆಗೆ ಒತ್ತಿಕೊಂಡು ಒಂದು ಗುಟುಕು ಕುಡಿದರು. ಬದುಕಿನಲ್ಲಿ ಮೊದಲ ಸಲ. ಮುಖ ಹಿಂಡಿಕೊಂಡರು, ತಡೆದರು, ಮತ್ತೆ ಒಂದು ಗುಟುಕು ಕುಡಿದರು.

"ಚೆಂದಾಗೈತೆ," ಎಂದರು. ಆಮೇಲೆ ನನ್ನ ಕಡೆ ನೋಡಿದರು. "ಆಸ್ಪತ್ರೆ ಅಂತ ನೀವು ಓಗ್ತಿದ್ದಿದ್ದು ಇದ್ಕೇನಾ?"

ನಾನು ಹೂಂ ಎಂದೆ.

ಅತ್ತೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಲೋಟದೊಳಗೆ ನೋಡುತ್ತಾ, ಗೇಟಿನ ಹತ್ತಿರ ಕೂತು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು: "ನಿಜವಾಗ್ಲೂ ಮೂರ್ ಜನ ಇಡೀತಿರ್ಲಿಲ್ವೇನೇ ಸುಧಾ?"

"ಹಿಡೀತಿತ್ತು ಅತ್ತೆ," ಎಂದು ಕಿರುಬೆರಳು ಎತ್ತಿ ತೋರಿಸಿದೆ. "ಅಕ್ಕ ಆಗ ಇದ್ದಿದ್ದೇ ಇಷ್ಟು."